ಒಪ್ಪದ ಮಾತಿನ ಬೆಲೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ಕನ್ನಡದ ಹಳೆಯ ಗಾದೆ. ಆದರೆ ನಿಜವಾಗಿ ನೋಡಿದರೆ ಊಟವೂ ಪೂರ್ತಿಯಾಗಿ ತನ್ನಿಚ್ಛೆಯಲ್ಲ. ಮನೆತನ, ಜಾತಿ, ಊರು, ನೆರೆಹೊರೆ ಇವೆಲ್ಲವೂ ಒಬ್ಬನ ಎಲೆಯ ಮೇಲೆ ಕಣ್ಣಿಟ್ಟಿರುತ್ತವೆ. ಏನನ್ನು ಉಣ್ಣಬೇಕು, ಯಾವ ಕೆಲಸವನ್ನು ಯಾರು ಮಾಡಬೇಕು, ಯಾರು ಎಷ್ಟು ಓದಬೇಕು ಎಂಬುದನ್ನೆಲ್ಲ ಹತ್ತು ಜನ ಸೇರಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಹನ್ನೊಂದನೆಯವನು ‘ನನಗೆ ಹಾಗೆ ತೋರುವುದಿಲ್ಲ’ ಎಂದರೆ ಮೊದಲು ನಗೆ ಏಳುತ್ತದೆ. ಅವನು ತನ್ನ ಮಾತನ್ನು ಬಿಡದಿದ್ದರೆ ನಗೆಯ ಸ್ಥಾನದಲ್ಲಿ ಕೋಪ ಕಾಣಿಸಿಕೊಳ್ಳುತ್ತದೆ. ಹೀಗೆ ಆಹಾರ, ನಿತ್ಯಜೀವನ, ಓದು ಈ ಮೂರರಲ್ಲಿಯೂ ಜನರು ಒಪ್ಪದ ಅಭಿಪ್ರಾಯಗಳನ್ನು ಜೀವನದುದ್ದಕ್ಕೂ ಹಿಡಿದು ನಡೆದವರು ಮೋಹನದಾಸ ಕರಮಚಂದ ಗಾಂಧಿ. ಅವುಗಳಲ್ಲಿ ಯಾವುದು ಫಲಿಸಿತು, ಯಾವುದರಲ್ಲಿ ತಾವು ಎಡವಿದೆವು ಎಂಬುದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

ಮೋಹನದಾಸನು ರಾಜಕೋಟೆಯಲ್ಲಿ ಓದುತ್ತಿದ್ದಾಗ ಅವನ ಓರಗೆಯ ಹುಡುಗರಲ್ಲಿ ಒಂದು ನಂಬಿಕೆ ಹಬ್ಬಿತ್ತು. ಆಂಗ್ಲರು ಮಾಂಸಾಹಾರಿಗಳಾದುದರಿಂದ ಬಲಿಷ್ಠರು. ಆದುದರಿಂದಲೇ ಅವರು ನಮ್ಮನ್ನು ಆಳುತ್ತಿದ್ದಾರೆ. ನಾವೂ ಮಾಂಸ ತಿಂದರೆ ಅವರನ್ನು ಓಡಿಸಬಹುದು. ವೈಷ್ಣವ ಮನೆತನದ ಬಾಲಕನು ಗೆಳೆಯನೊಬ್ಬನ ಮಾತಿಗೆ ಮರುಳಾಗಿ ಹೊಳೆಯ ದಂಡೆಯ ಏಕಾಂತದಲ್ಲಿ ಆಡಿನ ಮಾಂಸದ ರುಚಿ ನೋಡಿದನು. ಆ ರಾತ್ರಿ ತನ್ನ ಹೊಟ್ಟೆಯೊಳಗೆ ಆಡು ಅರಚಿದಂತಾಗಿ ಅವನಿಗೆ ನಿದ್ರೆ ಬರಲಿಲ್ಲ. ಆದರೂ ಈ ಗುಟ್ಟಿನ ಊಟ ಸುಮಾರು ಒಂದು ವರ್ಷ ಆಗೊಮ್ಮೆ ಈಗೊಮ್ಮೆ ನಡೆಯಿತು. ಕಡೆಗೆ ಅವನು ಅದನ್ನು ಬಿಟ್ಟುದು ಮಾಂಸ ಕೆಟ್ಟದ್ದೆಂದಲ್ಲ. ‘ಹಸಿವಿಲ್ಲ’ ಎಂದು ತಾಯಿಗೆ ಸುಳ್ಳು ಹೇಳಬೇಕಾಗಿತ್ತೆಂಬ ಸಂಕಟದಿಂದ. ತಂದೆತಾಯಿಗಳ ಕಾಲಾನಂತರ ಬಹಿರಂಗವಾಗಿಯೇ ತಿನ್ನೋಣವೆಂದು ಅವನು ಆಗ ನಿಶ್ಚಯಿಸಿದ್ದನು.

1888ರಲ್ಲಿ ನ್ಯಾಯಶಾಸ್ತ್ರದ ಅಧ್ಯಯನಕ್ಕೆಂದು ಇಂಗ್ಲೆಂಡಿಗೆ ಹೊರಡುವ ಮುನ್ನ, ಮದ್ಯಮಾಂಸಗಳನ್ನು ಮುಟ್ಟುವುದಿಲ್ಲವೆಂದು ತರುಣನು ತಾಯಿಗೆ ಮಾತು ಕೊಟ್ಟನು. ಲಂಡನ್ನಿನಲ್ಲಿ ಈ ಮಾತೇ ಅವನಿಗೆ ಕಷ್ಟವಾಯಿತು. ಹಡಗಿನಲ್ಲಿ ಜೊತೆಗಿದ್ದವರೂ ಆ ನಗರದ ಗೆಳೆಯರೂ ಅವನ ಹಟವನ್ನು ಹುಡುಗಾಟಿಕೆಯೆಂದು ಬಗೆದರು. ಉಪ್ಪುಖಾರವಿಲ್ಲದ ಬೇಯಿಸಿದ ತರಕಾರಿ, ಎರಡು ಮೂರು ತುಂಡು ರೊಟ್ಟಿ ಇವುಗಳಿಂದ ಹೊಟ್ಟೆ ತುಂಬುತ್ತಿರಲಿಲ್ಲ. ದಿನವೂ ಹತ್ತು ಹನ್ನೆರಡು ಮೈಲಿ ಅಲೆದು ಅಲೆದು ಕೊನೆಗೊಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಶಾಕಾಹಾರದ ಭೋಜನಗೃಹವನ್ನು ಕಂಡನು. ಒಳಗೆ ಹೋಗುವ ಮೊದಲೇ ಅಲ್ಲಿ ಮಾರಾಟಕ್ಕಿಟ್ಟಿದ್ದ, ಶಾಕಾಹಾರವನ್ನು ಕುರಿತು ಹೆನ್ರಿ ಸಾಲ್ಟ್ ಬರೆದ ಪುಸ್ತಕವನ್ನು ಒಂದು ಷಿಲಿಂಗಿಗೆ ಕೊಂಡನು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆ, ಅದುವರೆಗೆ ಕೊಟ್ಟ ಮಾತಿಗಾಗಿ ಪಾಲಿಸಿದ್ದನ್ನು ಇನ್ನು ಮುಂದೆ ಸ್ವಂತ ವಿಚಾರದಿಂದ ಪಾಲಿಸತೊಡಗಿದನು. ಆಹಾರ ಒಂದೇ ಆದರೂ ಈ ಎರಡಕ್ಕೂ ಬಹಳ ಅಂತರವುಂಟು. ಮೊದಲನೆಯದು ಮನೆಯಿಂದ ಬಂದುದು. ಎರಡನೆಯದು ತಾನೇ ಸಂಪಾದಿಸಿದ್ದು.

ಲಂಡನ್ನಿನ ಶಾಕಾಹಾರಿಗಳ ಸಂಘಕ್ಕೆ ಸೇರಿ ಗಾಂಧೀಜಿ ಅದರ ಕಾರ್ಯಕಾರಿ ಸಮಿತಿಯ ಸದಸ್ಯರಾದರು. 1891ರಲ್ಲಿ ಆ ಸಮಿತಿಯ ಮುಂದೆ ಒಂದು ಸಮಸ್ಯೆ ಎದುರಾಯಿತು. ಡಾಕ್ಟರ್ ಆಲಿನ್‌ಸನ್ ಎಂಬ ವೈದ್ಯರು ಸಂಘದ ಸದಸ್ಯರಾಗಿದ್ದರು. ಗೋಧಿಯ ತೌಡನ್ನು ತೆಗೆಯದ ಹಿಟ್ಟಿನ ರೊಟ್ಟಿಯೇ ಆರೋಗ್ಯಕರವೆಂದು ಸಾರುತ್ತಿದ್ದ ಅವರು ಸಂತಾನ ನಿಯಂತ್ರಣವನ್ನೂ ಬಹಿರಂಗವಾಗಿ ಪ್ರತಿಪಾದಿಸುತ್ತಿದ್ದರು. ಸಂಘದ ಅಧ್ಯಕ್ಷರೂ ಪೋಷಕರೂ ಆಗಿದ್ದ ಹಿಲ್ಸ್ ಎಂಬ ಧನಿಕರು, ಇದು ನೀತಿಗೆ ವಿರುದ್ಧವಾದುದರಿಂದ ಅವರನ್ನು ಸಂಘದಿಂದ ತೆಗೆದುಹಾಕಬೇಕೆಂದರು. ಗಾಂಧೀಜಿಗೂ ಆಲಿನ್‌ಸನ್ನರ ಆ ಅಭಿಪ್ರಾಯ ಒಪ್ಪಿಗೆಯಾಗಿರಲಿಲ್ಲ. ಆದರೆ ಸಂಘದ ಗುರಿ ಶಾಕಾಹಾರದ ಪ್ರಚಾರ. ಬೇರೊಂದು ವಿಷಯದಲ್ಲಿ ಭಿನ್ನಮತ ಹೊಂದಿದ ಮಾತ್ರಕ್ಕೆ ಒಬ್ಬರನ್ನು ಹೊರಗಟ್ಟುವುದು ಅನ್ಯಾಯವೆಂದು ಅವರಿಗೆ ತೋರಿತು. ಸಭೆಯಲ್ಲಿ ಮಾತನಾಡಲು ಧೈರ್ಯ ಸಾಲದೆ ತಮ್ಮ ವಾದವನ್ನು ಬರೆದು ತಂದರು. ಅದನ್ನು ಓದಲೂ ಬಾಯಿ ಬಾರದೆ ಇನ್ನೊಬ್ಬರಿಂದ ಓದಿಸಬೇಕಾಯಿತು. ಮತ ಎಣಿಸಿದಾಗ ಅವರ ಪಕ್ಷಕ್ಕೆ ಸೋಲಾಯಿತು. ತಾನು ಒಪ್ಪದ ಮಾತನ್ನು ಇನ್ನೊಬ್ಬನು ಆಡುವ ಹಕ್ಕಿಗಾಗಿ ಆ ಸಂಕೋಚದ ತರುಣನು ಪಟ್ಟ ಶ್ರಮ ಇಂದಿಗೂ ಸ್ಮರಣೀಯವಾದುದು.

ಮುಂದೆ ದಕ್ಷಿಣ ಆಫ್ರಿಕದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡ ಗಾಂಧೀಜಿ ನಿತ್ಯದ ಕೆಲಸಗಳನ್ನು ಕುರಿತೂ ಜನರಿಗೆ ಒಗ್ಗದ ನಿಲುವು ತಾಳಿದರು. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲವೆಂಬುದು ಅವರ ಮತ. ಪ್ರಿಟೋರಿಯದಲ್ಲಿ ಬಿಳಿಯ ಕ್ಷೌರಿಕನೊಬ್ಬನು ಕರಿಯರ ಕೂದಲನ್ನು ಮುಟ್ಟಲಾರೆನೆಂದಾಗ, ಕತ್ತರಿಸುವ ಸಾಧನವನ್ನು ಕೊಂಡು ಕನ್ನಡಿಯ ಮುಂದೆ ನಿಂತು ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಂಡರು. ಮುಂಭಾಗ ಹೇಗೋ ಸರಿಹೋಯಿತು; ಹಿಂಭಾಗ ಕೆಟ್ಟಿತು. ಇಲಿಗಳೇನಾದರೂ ತಲೆಯನ್ನು ಕಡಿದವೇ ಎಂದು ನ್ಯಾಯಾಲಯದ ಗೆಳೆಯರು ನಕ್ಕರು. ಇನ್ನೊಮ್ಮೆ, ಅಂಗಿಯ ಕಾಲರನ್ನು ತಾವೇ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡು ಹೋದಾಗ, ಹೆಚ್ಚಾದ ಗಂಜಿ ಕಾಲರಿನಿಂದ ಉದುರುತ್ತಿತ್ತು. ಆಗಲೂ ನಗೆ ಎದ್ದಿತು. ಆದರೆ ನಗೆಗೆ ಹೆದರಿ ಅವರು ಕಲಿಯುವುದನ್ನು ಬಿಡಲಿಲ್ಲ. ಕಾಲಕ್ರಮದಲ್ಲಿ ಅಗಸನ ಕೆಲಸ ಅವರಿಗೆ ಚೆನ್ನಾಗಿ ಕೈಹತ್ತಿತು.

ಹೀಗೆ ತಮ್ಮ ಮೇಲೆ ತಾವೇ ಹೊರಿಸಿಕೊಂಡ ನಿಯಮಗಳಿಂದ ಅವರಿಗೆ ಬಂದುದು ನಗೆಪಾಟಲು ಮಾತ್ರ. ಅದೇ ನಿಯಮವನ್ನು ಬೇರೊಬ್ಬರ ಮೇಲೆ ಹೊರಿಸಿದಾಗ ಏನಾಯಿತೆಂಬುದಕ್ಕೆ 1898ರ ಒಂದು ಘಟನೆ ಸಾಕ್ಷಿ. ಡರ್ಬಾನಿನ ಅವರ ಮನೆಯಲ್ಲಿ ಕಚೇರಿಯ ಗುಮಾಸ್ತರೂ ವಾಸಿಸುತ್ತಿದ್ದರು. ಕೊಠಡಿಗಳಲ್ಲಿ ರಾತ್ರಿಯ ಮೂತ್ರಪಾತ್ರೆಗಳಿರುತ್ತಿದ್ದವು. ಹೊಸದಾಗಿ ಬಂದ ಒಬ್ಬ ಗುಮಾಸ್ತನ ಪಾತ್ರೆಯನ್ನು ಕಸ್ತೂರಬಾ ತೊಳೆಯಬೇಕಾಯಿತು. ಆತನು ಅಸ್ಪೃಶ್ಯರೆನಿಸಿದ್ದ ತಂದೆತಾಯಿಗಳಿಗೆ ಹುಟ್ಟಿದ ಕ್ರೈಸ್ತನು. ಬಾಲ್ಯದಿಂದ ಬಂದ ಸಂಸ್ಕಾರವನ್ನು ಮೀರಲಾರದೆ ಆಕೆ ಕಣ್ಣೀರಿಡುತ್ತ ಪಾತ್ರೆಯನ್ನು ಹಿಡಿದು ಮೆಟ್ಟಿಲಿಳಿದರು. ಪತಿಗೆ ಅಷ್ಟು ಸಾಲದಾಯಿತು. ಆ ಕೆಲಸವನ್ನು ನಗುನಗುತ್ತ ಮಾಡಬೇಕೆಂದು ಗದರಿದರು. ಮಾತಿಗೆ ಮಾತು ಬೆಳೆದು, ಪತ್ನಿಯ ಕೈಹಿಡಿದು ಬಾಗಿಲವರೆಗೆ ಎಳೆದೊಯ್ದು ಹೊರದೂಡಲು ಹೊರಟರು. ಪರದೇಶದಲ್ಲಿ ತಾನು ಎಲ್ಲಿಗೆ ಹೋಗಲಿ, ನಿಮಗೆ ನಾಚಿಕೆಯಿಲ್ಲವೇ ಎಂದು ಆಕೆ ಕೇಳಿದಾಗಲೇ ಅವರಿಗೆ ತಮ್ಮ ಕೃತ್ಯದ ಅರಿವಾದುದು. ಅಸ್ಪೃಶ್ಯತೆ ಸಲ್ಲದೆಂಬ ಅವರ ಅಭಿಪ್ರಾಯ ಸತ್ಯವಾಗಿತ್ತು. ಅದನ್ನು ನಡೆಸಹೊರಟ ರೀತಿ ಕ್ರೌರ್ಯವಾಗಿತ್ತು. ಎಷ್ಟೋ ವರ್ಷಗಳ ಮೇಲೆ ಗಾಂಧೀಜಿ ಈ ಸಂಗತಿಯನ್ನು ಆತ್ಮಕಥೆಯಲ್ಲಿ ತಾವಾಗಿಯೇ ಬರೆದು ತಪ್ಪೊಪ್ಪಿಕೊಂಡರು.

1901ರಲ್ಲಿ ಕಲ್ಕತ್ತದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅಲ್ಲಿನ ಶೌಚಾಲಯಗಳು ಕಾಲಿಡಲಾಗದಷ್ಟು ಹೊಲಸಾಗಿದ್ದವು. ಸ್ವಯಂಸೇವಕರಿಗೆ ತೋರಿಸಿದರೆ, ಅದು ತಮ್ಮ ಕೆಲಸವಲ್ಲವೆಂದರು. ಗಾಂಧೀಜಿ ಯಾರನ್ನೂ ಗದರಲಿಲ್ಲ. ಒಂದು ಪೊರಕೆಯನ್ನು ತರಿಸಿಕೊಂಡು ತಾವು ಬಳಸುವ ಶೌಚಾಲಯವನ್ನು ತಾವೇ ಗುಡಿಸಿ ತೊಳೆದರು.

ಆಹಾರದ ಪ್ರಯೋಗಗಳಲ್ಲಿಯೂ ಇದೇ ಕ್ರಮ ಕಂಡುಬರುತ್ತದೆ. ದಕ್ಷಿಣ ಆಫ್ರಿಕದಲ್ಲಿ ಕಸ್ತೂರಬಾ ಕಾಯಿಲೆ ಬಿದ್ದಾಗ, ಉಪ್ಪು ಮತ್ತು ಬೇಳೆಗಳನ್ನು ಬಿಡುವಂತೆ ಅವರು ಸಲಹೆ ಮಾಡಿದರು. ಹಾಗೆಂದರೆ ನೀವೂ ಬಿಡಲಾರಿರಿ ಎಂದು ಆಕೆ ನುಡಿದರು. ಆ ಕ್ಷಣವೇ ಗಾಂಧೀಜಿ ಒಂದು ವರ್ಷದ ಕಾಲ ಎರಡನ್ನೂ ಬಿಟ್ಟುಬಿಟ್ಟರು. ಪಥ್ಯ ಮಾಡಿದ ಮೇಲೆ ಕಸ್ತೂರಬಾ ಗುಣಹೊಂದಿದರು. ಆದರೆ ಅದು ಉಪ್ಪು ಬಿಟ್ಟುದರ ಫಲವೋ ಬೇರೆ ಕಾರಣದಿಂದಲೋ ತಾವು ಹೇಳಲಾರೆವೆಂದೇ ಗಾಂಧೀಜಿ ಬರೆದರು. ತನ್ನ ಮತಕ್ಕೆ ಅನುಕೂಲವಾದ ಫಲವನ್ನು ಕೂಡ ಸಂಶಯದಿಂದ ನೋಡುವುದು ಎಲ್ಲರಿಗೂ ಸಾಧ್ಯವಾಗುವ ಗುಣವಲ್ಲ.

1912ರಲ್ಲಿ ಅವರು ಹಾಲನ್ನು ವರ್ಜಿಸಿದರು. ಹೆಚ್ಚು ಹಾಲಿಗಾಗಿ ಹಸು ಎಮ್ಮೆಗಳನ್ನು ಹಿಂಸಿಸುವ ಕ್ರಮವನ್ನು ಕೇಳಿ ನೊಂದುದೂ ಇದಕ್ಕೆ ಒಂದು ಕಾರಣ. ಆದರೆ 1918ರಲ್ಲಿ ಭೇದಿಯಿಂದ ನರಳಿ ಮರಣಾವಸ್ಥೆಗೆ ಬಂದಾಗ, ಹಾಲಿಲ್ಲದೆ ದೇಹ ಚೇತರಿಸದೆಂದು ವೈದ್ಯರು ಹೇಳಿದರು. ನಿಮ್ಮ ವ್ರತ ಹಸು ಎಮ್ಮೆಗಳ ಹಾಲಿಗೆ ಮಾತ್ರವಷ್ಟೆ, ಆಡಿನ ಹಾಲಿಗೇನು ಅಡ್ಡಿ ಎಂದು ಕಸ್ತೂರಬಾ ಸೂಚಿಸಿದರು. ಗಾಂಧೀಜಿ ಒಪ್ಪಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲವೆಂಬ ಕೊರಗು ಮಾತ್ರ ಅವರನ್ನು ಬಿಡಲಿಲ್ಲ. ಹಸುವಿನ ಹಾಲನ್ನು ಮುಟ್ಟದ ಅದೇ ವ್ಯಕ್ತಿ 1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದಾಗ, ಅಲ್ಲಿನ ಸರ್ಕಾರಿ ಹೈನುಗಾರಿಕೆ ಸಂಸ್ಥೆಗೆ ಹೋಗಿ ಗೋಪಾಲನೆಯ ಶಾಸ್ತ್ರವನ್ನು ವಿದ್ಯಾರ್ಥಿಯಂತೆ ಕಲಿತರು. ಆಗ ಅವರ ವಯಸ್ಸು 57.

1929ರಲ್ಲಿ ಬೇಯಿಸದ ಆಹಾರವೇ ಶ್ರೇಷ್ಠವೆಂಬ ಭಾವನೆಯಿಂದ ನೆನೆಸಿದ ಕಾಳು, ಹಸಿ ತರಕಾರಿಗಳಿಂದಲೇ ಬದುಕಲು ಯತ್ನಿಸಿದರು. ಆರೋಗ್ಯ ಕೆಟ್ಟಿತು. ಪ್ರಯೋಗವನ್ನು ಕೈಬಿಟ್ಟುದನ್ನು ತಮ್ಮ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಎಲ್ಲ ಅಭಿಪ್ರಾಯಗಳೂ ಹೀಗೆ ಸೋಲಲಿಲ್ಲ. 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪನೆಯಾದ ಮೇಲೆ, ಗಿರಣಿಯ ಬಿಳಿಯ ಅಕ್ಕಿಗಿಂತ ಕೊಟ್ಟಣದ ಅಕ್ಕಿ ಲೇಸೆಂದು ಅವರು ಸಾರಿದರು. ಮಲ್ಲಿಗೆಯಂಥ ಅನ್ನವನ್ನು ಸಿರಿವಂತಿಕೆಯ ಕುರುಹೆಂದು ಬಗೆದವರಿಗೆ ಈ ಮಾತು ರುಚಿಸಲಿಲ್ಲ. ಆದರೆ ಇದಕ್ಕೆ ವಿಜ್ಞಾನದ ಬೆಂಬಲವಿತ್ತು. ಬರಿಯ ಬಿಳಿಯ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ ತೌಡಿರುವ ಅಕ್ಕಿಯಿಂದ ಗುಣವಾಗುವುದನ್ನೂ ಐಕ್‌ಮನ್ ಎಂಬ ಡಚ್ ವೈದ್ಯನು ಜಾವಾ ದ್ವೀಪದಲ್ಲಿ ಗಮನಿಸಿದ್ದನು. ‘ಬೆರಿಬೆರಿ’ ಎಂಬ ರೋಗವನ್ನು ತಡೆಯುವ ‘ಬಿ’ ಜೀವಸತ್ವ ತೌಡಿನಲ್ಲಿರುವುದು ಮುಂದೆ ಖಚಿತವಾಯಿತು. ಆತನಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಓದನ್ನು ಕುರಿತ ಗಾಂಧೀಜಿಯ ಅಭಿಪ್ರಾಯ ವಿದ್ಯಾವಂತರನ್ನು ಇನ್ನೂ ಹೆಚ್ಚು ಬೆರಗುಗೊಳಿಸಿತು. ವಿದ್ಯಾರ್ಥಿದೆಸೆಯಲ್ಲಿ ಪಠ್ಯಪುಸ್ತಕಗಳ ಹೊರಗೆ ತಾವು ಏನನ್ನೂ ಓದಲಿಲ್ಲ, ಅದರಿಂದ ಹೆಚ್ಚಿನ ನಷ್ಟವೂ ಆಗಲಿಲ್ಲ, ಸ್ವಲ್ಪವೇ ಓದಿದ್ದರಿಂದ ಓದಿದ್ದು ಜೀರ್ಣವಾಯಿತು ಎಂದು ಅವರು ಹೇಳಿದರು. ಮಕ್ಕಳಿಗೆ ಗುರುವೇ ನಿಜವಾದ ಪಠ್ಯಪುಸ್ತಕವೆಂಬುದೂ ಅವರ ಮತ. ಪಠ್ಯಪುಸ್ತಕದ ಪುಟದಲ್ಲಿಯೇ ಈ ಮಾತನ್ನು ಓದುವುದು ವಿನೋದವಾಗಿ ತೋರಬಹುದು. ಆದರೆ ಅದರ ಹಿಂದೆ ಅನುಭವವಿದೆ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ರೈಲಿನಲ್ಲಿ ಹೊರಟಾಗ ಗೆಳೆಯ ಪೊಲಾಕ್ ಅವರ ಕೈಗೆ ರಸ್ಕಿನ್ನನ ‘ಅನ್ ಟು ದಿಸ್ ಲಾಸ್ಟ್’ ಎಂಬ ಪುಸ್ತಕವನ್ನು ಕೊಟ್ಟರು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ, ದುಡಿದು ಬಾಳುವ ಬಾಳೇ ಬಾಳು ಎಂಬ ಅದರ ತತ್ತ್ವವನ್ನು ಬೆಳಗಾಗುತ್ತಲೇ ಆಚರಣೆಗೆ ತರಲು ನಿರ್ಧರಿಸಿದರು. ಫೀನಿಕ್ಸ್ ಆಶ್ರಮ ಹುಟ್ಟಿದ್ದು ಆ ಒಂದು ಪುಸ್ತಕದ ಓದಿನಿಂದ.

ಹಾಗೆಂದು ಇದು ಎಲ್ಲರಿಗೂ ಸಲ್ಲುವ ಮಾತೆನ್ನಲಾಗದು. ಅವರ ಸಮಕಾಲೀನರಾದ ಡಾಕ್ಟರ್ ಬಿ. ಆರ್. ಅಂಬೇಡ್ಕರ್ ಸಾವಿರಾರು ಪುಸ್ತಕಗಳನ್ನು ಸಂಗ್ರಹಿಸಿ, ಅವುಗಳಿಗೆ ಸ್ಥಳವಿರಲೆಂದೇ ಮುಂಬಯಿಯ ದಾದರಿನಲ್ಲಿ ‘ರಾಜಗೃಹ’ವೆಂಬ ಮನೆಯನ್ನು ಕಟ್ಟಿಸಿದರು. ತಲೆತಲಾಂತರದಿಂದ ಅಕ್ಷರವನ್ನೇ ನಿರಾಕರಿಸಲ್ಪಟ್ಟ ಜನರ ನಡುವಿನಿಂದ ಬಂದವರಿಗೆ ಪುಸ್ತಕವು ಬಿಡುಗಡೆಯ ಬಾಗಿಲಾಗಿತ್ತು. ಸ್ವತಃ ಗಾಂಧೀಜಿಯೂ 1922ರಿಂದ 1924ರವರೆಗೆ ಯೆರವಡಾ ಸೆರೆಮನೆಯಲ್ಲಿ ಬಿಡುವು ದೊರೆತಾಗ ಗಿಬ್ಬನ್ನನ ರೋಮ್ ಇತಿಹಾಸದಂಥ ದೊಡ್ಡ ಗ್ರಂಥಗಳನ್ನು ಶ್ರದ್ಧೆಯಿಂದ ಓದಿದರು.

ಜನರು ಒಪ್ಪದ ಅಭಿಪ್ರಾಯವೆಲ್ಲ ಸತ್ಯವಲ್ಲ. ಜನರು ಒಪ್ಪಿದ್ದೆಲ್ಲ ಸುಳ್ಳೂ ಅಲ್ಲ. ಹತ್ತು ಜನರ ವಿರುದ್ಧ ನಿಂತ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ. ಅಭಿಪ್ರಾಯಕ್ಕೆ ತೆರಬೇಕಾದ ಬೆಲೆಯನ್ನು ಹೇಳಿದವನೇ ಮೊದಲು ತೆತ್ತನೇ, ಪರೀಕ್ಷೆಯಲ್ಲಿ ಸೋತಾಗ ಸೋತೆನೆಂದು ಒಪ್ಪಿಕೊಂಡನೇ, ಬೇರೆಯವರ ಒಪ್ಪದ ಮಾತಿಗೂ ಎಡೆಗೊಟ್ಟನೇ ಎಂಬುದನ್ನು ನೋಡಬೇಕು. ಗಾಂಧೀಜಿ ಈ ಪರೀಕ್ಷೆಯಲ್ಲಿ ಹಲವು ಬಾರಿ ಗೆದ್ದರು. ಡರ್ಬಾನಿನ ಮನೆಯ ಬಾಗಿಲಲ್ಲಿ ಸೋತರು. ಆ ಸೋಲನ್ನು ಅವರಿಗೆ ತೋರಿಸಿಕೊಟ್ಟವರು, ಕಣ್ಣೀರು ತುಂಬಿದ್ದರೂ ಎದುರುನಿಂತು ಪ್ರಶ್ನಿಸಿದ ಕಸ್ತೂರಬಾ. ಆ ದಿನ ಆ ಮನೆಯಲ್ಲಿ ಯಜಮಾನನಿಗೆ ಒಪ್ಪದ ಮಾತನ್ನು ಆಡಿದವರು ಅವರೇ.