ಪ್ರೊಸೆಸರ್ ಕೂಲರ್‌ನ ಶುಚಿಕಾರ್ಯ: ಉಷ್ಣ ಪ್ರಸರಣದ ಒಂದು ಅಭ್ಯಾಸ ಪಾಠ

ವಹನ, ಸಂವಹನ, ವಿಕಿರಣ ಎಂದು ಹತ್ತನೇ ತರಗತಿಯ ಮಕ್ಕಳು ಥಟ್ಟನೆ ಹೇಳುತ್ತಾರೆ. ಆದರೆ ಒಂದು ನಿಜವಾದ ವಸ್ತುವಿನಲ್ಲಿ ಉಷ್ಣ ಎಲ್ಲಿ ತಡೆಯುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮ ಮುಗಿದ ಮೇಲೆ ಎರಡು ಅವಧಿಗಳ ಪಾಠವೊಂದನ್ನು ಇದಕ್ಕಾಗಿ ಯೋಜಿಸಿದೆ. ಬೋಧನೋಪಕರಣ, ನಾನು ಓವರ್‌ಕ್ಲಾಕ್ ಮಾಡಿ ಬಳಸುವ ಡೆಸ್ಕ್‌ಟಾಪ್. ಅದರ ಕೂಲರ್ ಎರಡು ವರ್ಷದಿಂದ ಬಿಚ್ಚಿರಲಿಲ್ಲ.

ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಅದು ಬಳಸುವ ವಿದ್ಯುತ್ ಸಾಮರ್ಥ್ಯ ಸುಮಾರಾಗಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ 10% ಏರಿಸಿದರೆ 1.1 × 1.1 × 1.1, ಅಂದರೆ ಸುಮಾರು 33% ಹೆಚ್ಚು ಉಷ್ಣ. ಈ ಗುಣಾಕಾರವನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಮಾಡಿದರು.

ಒಂದೇ ತಂತ್ರಾಂಶವನ್ನು ಹದಿನೈದು ನಿಮಿಷ ಓಡಿಸಿದಾಗ ಪ್ರೊಸೆಸರ್ 92 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಕೊಠಡಿಯ ತಾಪ 27. ಯಂತ್ರ ಆರಿಸಿ, ಪ್ಲಗ್ ಕಿತ್ತು, ಮೊದಲು ಧೂಳನ್ನಷ್ಟೇ ತೆಗೆದೆವು. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ಗಿರ್ರನೆ ತಿರುಗಿ ಬೇರಿಂಗ್ ಕೆಡದಂತೆ ಬೆರಳಿನಿಂದ ಹಿಡಿಯಬೇಕು. ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಮತ್ತೆ ಅಳೆದಾಗ 83. ಧೂಳು ಮತ್ತು ಪೇಸ್ಟ್ ಎರಡನ್ನೂ ಒಟ್ಟಿಗೆ ಸರಿಪಡಿಸಿದ್ದರೆ ಯಾವುದರಿಂದ ಎಷ್ಟು ಇಳಿಯಿತೆಂದು ಹೇಳಲು ಬರುತ್ತಿರಲಿಲ್ಲ. ಒಂದು ಅವಧಿ ಸಾಲದೇ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದ್ದಕ್ಕೆ ನನ್ನ ಉತ್ತರವೂ ಇದೇ ಆಗಿತ್ತು.

ಪೇಸ್ಟ್ ಏಕೆ ಬೇಕು ಎಂಬ ಪ್ರಶ್ನೆಗೆ 38 ಮಕ್ಕಳಲ್ಲಿ 29 ಮಂದಿ "ಅದು ತಂಪು ಕೊಡುತ್ತದೆ, ದಪ್ಪ ಹಚ್ಚಿದಷ್ಟೂ ಒಳ್ಳೆಯದು" ಎಂಬರ್ಥದಲ್ಲಿ ಬರೆದರು. ತಿದ್ದಿ ಹೇಳುವ ಬದಲು ಬಿಸಿನೀರಿನ ಎರಡು ಸ್ಟೀಲ್ ಲೋಟಗಳನ್ನು ಎರಡು ತಟ್ಟೆಗಳ ಮೇಲಿಟ್ಟೆವು. ಒಂದರ ತಳಕ್ಕೆ ಮಾತ್ರ ಸ್ವಲ್ಪ ನೀರು. ನೀರಿದ್ದ ತಟ್ಟೆಯ ಅಡಿಭಾಗ ಬೇಗ ಬೆಚ್ಚಗಾಯಿತು. ಆಮೇಲೆ ಉಷ್ಣವಾಹಕತೆಯ ಅಂಕಿಗಳನ್ನು ಕೊಟ್ಟೆ: ಗಾಳಿ ಸುಮಾರು 0.026, ನೀರು 0.6, ತಾಮ್ರ 400. ಪೇಸ್ಟ್ ಸಾಮಾನ್ಯವಾಗಿ ಒಂದಂಕಿಯದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಹಾಗಾದರೆ ಲೋಹಕ್ಕಿಂತ ಪೇಸ್ಟೇ ಕಳಪೆ ಅಲ್ವಾ?" ಹೌದು. ಲೋಹಗಳ ನಡುವಿನ ಸಣ್ಣ ಕುಳಿಗಳಲ್ಲಿನ ಗಾಳಿಯನ್ನು ಹೊರದೂಡುವಷ್ಟು ಮಾತ್ರ ಅದು ಬೇಕು. ಇಡೀ ಪಾಠದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಈ ಪ್ರಶ್ನೆ.

ಎರಡನೇ ಅವಧಿಯಲ್ಲಿ ಕೂಲರ್ ಬಿಚ್ಚಿದೆವು. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಆರಿಸಿದರೆ ಒಣಗಿದ ಪೇಸ್ಟ್ ಮೆದುವಾಗುತ್ತದೆ. ಕೂಲರನ್ನು ನೇರ ಎಳೆಯದೆ ಮೆಲ್ಲಗೆ ತಿರುಚಬೇಕು. ಇಲ್ಲದಿದ್ದರೆ ಕೆಲವು ಬಗೆಯ ಪ್ರೊಸೆಸರ್‌ಗಳು ಸಾಕೆಟ್‌ನಿಂದಲೇ ಕಿತ್ತುಬಂದು ಪಿನ್ನುಗಳು ಬಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಬಟಾಣಿಯಷ್ಟು ಹೊಸ ಪೇಸ್ಟ್ ಇಟ್ಟು, ಸ್ಕ್ರೂಗಳನ್ನು ಕರ್ಣೀಯವಾಗಿ ಸ್ವಲ್ಪಸ್ವಲ್ಪವೇ ಬಿಗಿದೆವು. ಸ್ಕ್ರೂಡ್ರೈವರ್ ಹಾಜರಿ ಸಂಖ್ಯೆಯ ಕ್ರಮದಲ್ಲಿ ಕೈಬದಲಾಯಿತು. ಸುಮ್ಮನೆ ಬಿಟ್ಟರೆ ಅದು ಮುಂದಿನ ಸಾಲಿನ ನಾಲ್ವರು ಹುಡುಗರಲ್ಲೇ ಉಳಿಯುತ್ತದೆ. ಕೊನೆಯ ಅಳತೆ 78. ಕೊಠಡಿ ಆ ದಿನವೂ 27.

ಮೌಲ್ಯಮಾಪನದಲ್ಲಿ 31 ಮಕ್ಕಳು ಪೇಸ್ಟ್ ತೆಳುವಾಗಿರಬೇಕೆಂದು ಕಾರಣಸಹಿತ ಬರೆದರು. ಉಳಿದವರಲ್ಲಿ ಮೂವರು ಫ್ಯಾನು ತಣ್ಣನೆಯ ಗಾಳಿ ಉತ್ಪಾದಿಸುತ್ತದೆ ಎಂದೇ ಬರೆದಿದ್ದಾರೆ. ಮುಂದಿನ ತರಗತಿಗೆ ಒಣ ಥರ್ಮಾಮೀಟರೊಂದನ್ನು ತಿರುಗುವ ಫ್ಯಾನಿನ ಮುಂದೆ ಹಿಡಿಯುವ ಚಟುವಟಿಕೆ ಸಿದ್ಧಪಡಿಸಿದ್ದೇನೆ. ಅದನ್ನು ಹಿಡಿಯುವವರು ಆ ಮೂವರೇ.