ಕೀಲೆಣ್ಣೆ: ಯಾವುದು, ಎಷ್ಟು, ಹೇಗೆ?

ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಜಿಡ್ಡಿಗೆ ಕನ್ನಡದಲ್ಲಿ ‘ಕೀಲೆಣ್ಣೆ’ ಅಂತ ಚೆಂದದ ಹೆಸರಿದೆ. ಕಾರ್ಖಾನೆಗಳಲ್ಲಿ ಇಂದು ಬಳಸುವ ಲೂಬ್ರಿಕೆಂಟ್ ಮಾಡುವ ಕೆಲಸವೂ ಅದೇ. ಡಿಸೈನ್ ಪೇಪರಿನಲ್ಲಿ ನಾವು ಪೆಟ್ರಾಫ್ ಸಮೀಕರಣ, ಸೋಮರ್‌ಫೆಲ್ಡ್ ನಂಬರ್ ಎಲ್ಲ ಬರೆದು ಮಾರ್ಕ್ಸ್ ತಗೋತೀವಿ. ಆದರೆ ಇಂಟರ್ನ್‌ಶಿಪ್‌ಗೆ ಹೋದಾಗ ಅಲ್ಲಿನ ಸೂಪರ್‌ವೈಸರ್ ಗ್ರೀಸ್ ಗನ್ ಕೈಗೆ ಕೊಟ್ಟು, "ಈ ಮೋಟರಿಗೆ ಯಾವ ಗ್ರೀಸು, ಎಷ್ಟು ಹಾಕ್ತೀಯಪ್ಪಾ?" ಅಂದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಕೊಡಬಲ್ಲೆವು? ಈ ಲೇಖನದಲ್ಲಿ ಒಂದೇ ಒಂದು ಬೇರಿಂಗ್ ಹಿಡಿದುಕೊಂಡು ಆ ಉತ್ತರ ಹುಡುಕೋಣ.

ಎಣ್ಣೆ ಮಾಡುವ ಕೆಲಸ ಏನು?

ಎಣ್ಣೆ ಎಂದರೆ ಬರೀ ಜಾರಿಕೆ ಅಂತ ಅನೇಕರು ತಿಳಿದಿದ್ದಾರೆ. ಅಸಲಿಗೆ ಅದು ಭಾರ ಹೊರುತ್ತದೆ. 1880ರ ದಶಕದಲ್ಲಿ ಇಂಗ್ಲೆಂಡಿನ ಬೋಶಾಂಪ್ ಟವರ್ ಎಂಬ ಇಂಜಿನಿಯರ್ ರೈಲ್ವೆ ಬೇರಿಂಗ್‌ಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಒಂದು ತೂತು ಕೊರೆದ. ಶಾಫ್ಟ್ ತಿರುಗಲು ಶುರುವಾದರೆ ಆ ತೂತಿನಿಂದಲೇ ಎಣ್ಣೆ ಹೊರಗೆ ಉಕ್ಕತೊಡಗಿತು! ಮರದ ಬಿರಡೆ ಬಡಿದು ಮುಚ್ಚಿದರೆ ಬಿರಡೆಯೂ ಮೆಲ್ಲಗೆ ಹೊರಗೆ ಬಂತು. ಪ್ರೆಷರ್ ಗೇಜ್ ಹಾಕಿ ನೋಡಿದಾಗ ಅಲ್ಲಿನ ಒತ್ತಡ ಬೇರಿಂಗಿನ ಸರಾಸರಿ ಒತ್ತಡದ ಎರಡು ಪಟ್ಟಿಗಿಂತ ಹೆಚ್ಚಿತ್ತು. ಅಂದರೆ ತಿರುಗುವ ಶಾಫ್ಟ್ ತಾನೇ ಎಣ್ಣೆಯನ್ನು ಸಂದಿಯೊಳಗೆ ಎಳೆದುಕೊಂಡು, ಅದರ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟ. ಹೌದು, ರೆನಾಲ್ಡ್ಸ್ ನಂಬರಿನ ಅದೇ ರೆನಾಲ್ಡ್ಸ್.

ಹಾಗಾಗಿ ಲೂಬ್ರಿಕೆಂಟ್ ಆರಿಸುವುದೆಂದರೆ ಇಷ್ಟೇ: ಆ ವೇಗದಲ್ಲಿ, ಆ ಬಿಸಿಯಲ್ಲಿ, ಎರಡು ಲೋಹಗಳ ನಡುವೆ ಒಂದು ತೆಳು ಪದರ ಉಳಿಯಬೇಕು. ಬ್ರ್ಯಾಂಡ್, ಬಣ್ಣ, ಬೆಲೆ ಎಲ್ಲ ಆಮೇಲಿನ ಮಾತು.

ಒಂದೇ ಬೇರಿಂಗ್, ಎರಡು ಎಣ್ಣೆ

ಪಂಪ್ ಮೋಟರುಗಳಲ್ಲಿ ಸಾಮಾನ್ಯವಾಗಿ ಸಿಗುವ 6310 ಬಾಲ್ ಬೇರಿಂಗ್ ತಗೊಳ್ಳೋಣ. ಒಳವ್ಯಾಸ 50 ಮಿ.ಮೀ., ಹೊರವ್ಯಾಸ 110, ಅಗಲ 27. ಒಳ ಹೊರ ವ್ಯಾಸಗಳ ಸರಾಸರಿ 80 ಮಿ.ಮೀ.

ಬೇರಿಂಗ್ ತಯಾರಕರ ಕ್ಯಾಟಲಾಗಿನಲ್ಲಿ ‘ಕನಿಷ್ಠ ಬೇಕಾದ ಸ್ನಿಗ್ಧತೆ’ಯ ಚಾರ್ಟ್ ಇರುತ್ತೆ. ವೇಗ ನಿಮಿಷಕ್ಕೆ 1000 ಸುತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಚಾರ್ಟಿನ ಸೂತ್ರ ಬಲು ಸುಲಭ: ವೇಗವನ್ನೂ ಸರಾಸರಿ ವ್ಯಾಸವನ್ನೂ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 4500ನ್ನು ಭಾಗಿಸಿ. 1500 ಸುತ್ತಿಗೆ ಬರುವ ಉತ್ತರ ಸುಮಾರು 13 ಸೆಂಟಿಸ್ಟೋಕ್ಸ್. ಇದೇ ಬೇರಿಂಗ್ ನಿಮಿಷಕ್ಕೆ ಬರೀ 30 ಸುತ್ತು ತಿರುಗುವ ಕನ್ವೇಯರಿನಲ್ಲಿದ್ದರೆ? ಕಡಿಮೆ ವೇಗಕ್ಕೆ ಸೂತ್ರ ಬೇರೆ. ಉತ್ತರ ಸುಮಾರು 300! ಬೇರಿಂಗ್ ಅದೇ, ಬೇಕಾದ ಸ್ನಿಗ್ಧತೆ ಮಾತ್ರ ಇಪ್ಪತ್ತು ಪಟ್ಟಿಗೂ ಹೆಚ್ಚು. ನಿಧಾನವಾಗಿ ತಿರುಗುವಾಗ ಎಣ್ಣೆಯನ್ನು ಒಳಗೆಳೆಯುವ ಜೋರು ಇರಲ್ಲ, ಆದ್ದರಿಂದ ಎಣ್ಣೆಯೇ ಗಟ್ಟಿಯಾಗಿರಬೇಕು. "ಎಲ್ಲಾ ಬೇರಿಂಗಿಗೂ ಒಂದೇ ಡಬ್ಬಿ ಸಾಕು" ಅನ್ನೋ ಮಾತು ಇಲ್ಲಿಗೆ ಬಿದ್ದುಹೋಯಿತು.

ಇದು ಬೇರಿಂಗ್ ಓಡುವಾಗಿನ ಬಿಸಿಯಲ್ಲಿ ಬೇಕಾದ ಸ್ನಿಗ್ಧತೆ ಅನ್ನೋದನ್ನು ಮರೆಯಬೇಡಿ. ಡಬ್ಬಿಯ ಮೇಲಿನ ಐಎಸ್‌ಒ ವಿಜಿ ನಂಬರ್ 40 ಡಿಗ್ರಿ ಸೆಲ್ಸಿಯಸ್‌ನದು. ವಿಜಿ 100 ಎಣ್ಣೆ 40 ಡಿಗ್ರಿಯಲ್ಲಿ 90ರಿಂದ 110 ಸೆಂಟಿಸ್ಟೋಕ್ಸ್ ಇರುತ್ತದೆ. ಮಾಮೂಲಿ ಖನಿಜ ತೈಲವಾದರೆ 70 ಡಿಗ್ರಿಗೆ ಬಂದಾಗ 25ರಿಂದ 30ಕ್ಕೆ ಇಳಿದಿರುತ್ತದೆ. ನಮ್ಮ ಮೋಟರ್ ಬೇರಿಂಗ್ 70 ಡಿಗ್ರಿಯಲ್ಲಿ ಓಡುತ್ತಿದೆ ಅಂದುಕೊಳ್ಳಿ. ಬೇಕಾದದ್ದು 13, ಸಿಕ್ಕಿದ್ದು 26; ಅನುಪಾತ 2. ಈ ಅನುಪಾತ 1ರಿಂದ 4ರೊಳಗೆ ಇದ್ದರೆ ಒಳ್ಳೆಯದು. 1ಕ್ಕಿಂತ ಕಡಿಮೆಯಾದರೆ ಲೋಹಕ್ಕೆ ಲೋಹ ತಾಗುತ್ತೆ. 4 ದಾಟಿದರೆ ಎಣ್ಣೆ ಕಡೆಯುವುದಕ್ಕೇ ಶಕ್ತಿ ಖರ್ಚಾಗಿ ಬಿಸಿ ಹೆಚ್ಚುತ್ತೆ.

30 ಸುತ್ತಿನ ಕನ್ವೇಯರಿಗೆ ವಿಜಿ 1000 ಖನಿಜ ತೈಲ ಹಾಕಿದರೂ 70 ಡಿಗ್ರಿಯಲ್ಲಿ 300 ಉಳಿಯುವುದಿಲ್ಲ. ಅಂಥ ಕಡೆ ಇಪಿ ಸಂಯೋಜಕ, ಅಂದರೆ ವಿಪರೀತ ಒತ್ತಡದಲ್ಲಿ ಲೋಹದ ಮೈಮೇಲೆ ರಕ್ಷಣೆಯ ಪದರ ಕಟ್ಟುವ ರಾಸಾಯನಿಕ ಇರುವ ಲೂಬ್ರಿಕೆಂಟ್ ಬೇಕು. ಹಾಗಂತ ಎಲ್ಲೆಂದರಲ್ಲಿ ಇಪಿ ಸುರಿಯಬೇಡಿ. ವರ್ಮ್ ಗೇರ್‌ಬಾಕ್ಸಿನ ಕಂಚಿನ ಚಕ್ರವನ್ನು, ಬಿಸಿ ಜಾಸ್ತಿ ಇದ್ದಾಗ, ಕೆಲವು ಗಂಧಕ-ರಂಜಕದ ಸಂಯೋಜಕಗಳು ತಿಂದುಬಿಡುತ್ತವೆ.

ನಂಬರುಗಳ ಗೊಂದಲ

ಎಸ್‌ಎಇ 90 ಗೇರ್ ಆಯಿಲ್, ಎಸ್‌ಎಇ 50 ಇಂಜಿನ್ ಆಯಿಲ್‌ಗಿಂತ ಬಹಳ ಗಟ್ಟಿ ಅಂತ ನಮ್ಮ ಬೈಕ್ ಗೆಳೆಯರು ವಾದ ಮಾಡುವುದುಂಟು. ಅವೆರಡೂ ಬೇರೆ ಬೇರೆ ಅಳತೆಗೋಲು! 100 ಡಿಗ್ರಿಯಲ್ಲಿ ಎಸ್‌ಎಇ 90 ಎಣ್ಣೆ, ಎಸ್‌ಎಇ 40-50 ಇಂಜಿನ್ ಆಯಿಲ್‌ಗಳ ಆಸುಪಾಸಿನಲ್ಲೇ ಬರುತ್ತದೆ.

ಗ್ರೀಸಿನಲ್ಲಿ ಇದಕ್ಕಿಂತ ದೊಡ್ಡ ಗೊಂದಲ. ಗ್ರೀಸ್ ಎಂದರೆ ಸೋಪಿನಂಥ ಒಂದು ಸ್ಪಂಜು, ಅದರೊಳಗೆ ಹಿಡಿದಿಟ್ಟ ಎಣ್ಣೆ. ಕೆಲಸ ಮಾಡುವುದು ಮುಖ್ಯವಾಗಿ ಎಣ್ಣೆಯೇ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಎನ್‌ಎಲ್‌ಜಿಐ 2 ಅನ್ನೋದು ಗ್ರೀಸ್ ಎಷ್ಟು ಗಟ್ಟಿ ಅಂತ ಮಾತ್ರ ಹೇಳುತ್ತೆ, ಒಳಗಿನ ಎಣ್ಣೆಯ ಸ್ನಿಗ್ಧತೆ ಹೇಳಲ್ಲ. ಅದಕ್ಕೆ ಡೇಟಾ ಶೀಟ್ ತೆರೆದು ‘ಬೇಸ್ ಆಯಿಲ್ ಸ್ನಿಗ್ಧತೆ’ ಅನ್ನೋ ಸಾಲು ನೋಡಲೇಬೇಕು. ಇನ್ನೊಂದು ವಿಷಯ: ಸೋಪು ಬೇರೆಯಾದರೆ ಬೆರೆಸಬೇಡಿ. ಲಿಥಿಯಂ ಗ್ರೀಸ್ ಇರುವಲ್ಲಿ ಪಾಲಿಯೂರಿಯಾ ಗ್ರೀಸ್ ತುಂಬಿದರೆ ಎರಡೂ ಹೊಂದದೆ ಮೆತ್ತಗಾಗಿ ಸೋರಿಹೋಗಬಹುದು.

ಎಷ್ಟು ಹಾಕಬೇಕು?

ಹೆಚ್ಚು ಹಾಕಿದರೆ ಒಳ್ಳೆಯದು ಅನ್ನೋದು ತುಪ್ಪಕ್ಕೆ ಸರಿ, ಗ್ರೀಸಿಗಲ್ಲ. ತುಂಬಿ ತುಳುಕುವ ಬೇರಿಂಗಿನಲ್ಲಿ ಗುಂಡುಗಳು ಗ್ರೀಸನ್ನು ಕಡೆಯುತ್ತಲೇ ಇರುತ್ತವೆ, ಬಿಸಿ ಏರುತ್ತೆ, ಎಣ್ಣೆ ಬೇರ್ಪಡುತ್ತೆ, ಸೀಲ್ ಕಿತ್ತುಬರುತ್ತೆ. ಮೋಟರಿನಲ್ಲಾದರೆ ಗ್ರೀಸ್ ವೈಂಡಿಂಗ್‌ವರೆಗೂ ಹೋಗಬಹುದು.

ಬದಿಯಿಂದ ಮರುಪೂರಣ ಮಾಡುವಾಗ ಒಂದು ಸರಳ ಸೂತ್ರವಿದೆ: ಗ್ರಾಂನಲ್ಲಿ ಗ್ರೀಸ್ = 0.005 × ಹೊರವ್ಯಾಸ × ಅಗಲ, ಎರಡೂ ಮಿ.ಮೀ.ನಲ್ಲಿ. ನಮ್ಮ 6310ಕ್ಕೆ 0.005 × 110 × 27 = 14.85, ಅಂದರೆ ಸುಮಾರು 15 ಗ್ರಾಂ. ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತೆ? ಊಹೆ ಬೇಡ. ಹತ್ತು ಒತ್ತು ಕಾಗದದ ಮೇಲೆ ಹಾಕಿ ತೂಗಿ, ಹತ್ತರಿಂದ ಭಾಗಿಸಿ. ಒಂದು ಒತ್ತಿಗೆ 1.5 ಗ್ರಾಂ ಬಂದರೆ ನಮಗೆ ಬೇಕಾದದ್ದು ಹತ್ತೇ ಒತ್ತು.

ಎಷ್ಟು ದಿನಕ್ಕೊಮ್ಮೆ ಅನ್ನೋದಕ್ಕೆ ತಯಾರಕರ ಚಾರ್ಟ್ ನೋಡಿ. ಆದರೆ ಒಂದು ನಿಯಮ ನೆನಪಿರಲಿ: ಮಾಮೂಲಿ ಗ್ರೀಸಿಗೆ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಅವಧಿ ಅರ್ಧಕ್ಕಿಳಿಯುತ್ತೆ. ಶಾಫ್ಟ್ ನೆಟ್ಟಗೆ ನಿಂತಿದ್ದರೆ ಮತ್ತೂ ಅರ್ಧ. ಎರಡೂ ಬದಿ ಸೀಲ್ ಅಥವಾ ಶೀಲ್ಡ್ ಮುಚ್ಚಿದ ಬೇರಿಂಗಾದರೆ ಗ್ರೀಸ್ ಗನ್ನಿನ ಗೊಡವೆಯೇ ಬೇಡ. ಅದರ ಆಯುಷ್ಯದ ಗ್ರೀಸ್ ಒಳಗೇ ಇದೆ.

ಹೇಗೆ ಹಾಕಬೇಕು?

1. ಕಪ್ಲಿಂಗ್, ಫ್ಯಾನ್‌ಗಳಿಗೆ ಗಾರ್ಡ್ ಇದೆಯೇ ನೋಡಿ. ತಿರುಗುವ ಭಾಗ ಕೈಗೆ ತಾಗುವಂತಿದ್ದರೆ ಯಂತ್ರ ನಿಲ್ಲಿಸಿ, ಸ್ವಿಚ್‌ಗೆ ಬೀಗ ಹಾಕಿಸಿಯೇ ಮುಂದಿನ ಕೆಲಸ.
2. ಗ್ರೀಸ್ ನಿಪ್ಪಲ್ ಮತ್ತು ಗನ್ನಿನ ಮೂತಿ ಎರಡನ್ನೂ ಒರೆಸಿ. ಒರೆಸದಿದ್ದರೆ ಮೊದಲು ಒಳಗೆ ಹೋಗುವುದು ಧೂಳು.
3. ಡ್ರೈನ್ ಪ್ಲಗ್ ಬಿಚ್ಚಿ. ಹಳೆಯ ಗ್ರೀಸಿಗೆ ಹೊರಗೆ ಬರಲು ದಾರಿ ಬೇಕಲ್ವಾ?
4. ನಿಧಾನವಾಗಿ, ಎಣಿಸುತ್ತಾ ಒತ್ತಿ. ಸುರಕ್ಷಿತವಾಗಿದ್ದರೆ ಯಂತ್ರ ಓಡುತ್ತಿರುವಾಗಲೇ ಹಾಕುವುದು ಉತ್ತಮ.
5. ಸ್ವಲ್ಪ ಹೊತ್ತು ಓಡಲು ಬಿಟ್ಟು, ಹೆಚ್ಚಿನ ಗ್ರೀಸ್ ಹೊರಬಂದ ಮೇಲೆ ಪ್ಲಗ್ ಹಾಕಿ.
6. ದಿನಾಂಕ, ಗ್ರೀಸಿನ ಹೆಸರು, ಎಷ್ಟು ಗ್ರಾಂ ಅಂತ ಬರೆದಿಡಿ.

ಡ್ರಮ್ಮಿನ ಬಗ್ಗೆಯೂ ಒಂದು ಮಾತು. ಮಲೆನಾಡು, ಕರಾವಳಿಯ ಮಳೆಯಲ್ಲಿ ಎಣ್ಣೆಯ ಡ್ರಮ್ ಅಂಗಳದಲ್ಲಿ ನೆಟ್ಟಗೆ ನಿಂತಿದ್ದರೆ ಅದರ ತಲೆಯ ಮೇಲೆ ನೀರು ನಿಲ್ಲುತ್ತೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತೆ, ರಾತ್ರಿ ತಣ್ಣಗಾದಾಗ ಬಿರಡೆಯ ಸಂದಿಯಿಂದ ನೀರನ್ನೇ ಒಳಗೆಳೆಯುತ್ತೆ. ಮುಚ್ಚಳ ಬಿಗಿಯಾಗಿಯೇ ಇದ್ದರೂ ಇದು ಆಗುತ್ತೆ. ಡ್ರಮ್ಮನ್ನು ಸೂರಿನಡಿ ಇಡಿ. ಆಗದಿದ್ದರೆ ಅಡ್ಡ ಮಲಗಿಸಿ, ಎರಡೂ ಬಿರಡೆ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಬರಲಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ ಅಂತ ಅನುಮಾನಿಸಿ, ಯಂತ್ರಕ್ಕೆ ಹಾಕಬೇಡಿ.

ಒಂದು ಬೇರಿಂಗಿನ ಬೆಲೆ ದೊಡ್ಡದಲ್ಲ. ಅದು ಸುಟ್ಟು ನಿಂತ ಪಂಪಿನಿಂದ ನೀರಿಲ್ಲದೆ ಕಾಯುವ ಜನರದ್ದು, ನಿಂತ ಲೈನಿನ ಮುಂದೆ ಕೈಕಟ್ಟಿ ಕೂರುವ ಕೆಲಸಗಾರರದ್ದು ದೊಡ್ಡ ನಷ್ಟ. ಮುಂದಿನ ಸಲ ವರ್ಕ್‌ಶಾಪಿಗೆ ಹೋದಾಗ ಒಂದು ಮೋಟರಿನ ನೇಮ್‌ಪ್ಲೇಟ್ ಓದಿ, ಬೇರಿಂಗ್ ನಂಬರ್ ಹುಡುಕಿ, ಅದಕ್ಕೆ ಎಷ್ಟು ಗ್ರಾಂ ಅಂತ ಲೆಕ್ಕ ಹಾಕಿ. ಆಮೇಲೆ ಆ ಗ್ರೀಸ್ ಗನ್ನಿನ ಒಂದು ಒತ್ತಿಗೆ ಎಷ್ಟು ಬರುತ್ತೆ ಅಂತ ಲ್ಯಾಬಿನ ತಕ್ಕಡಿಯಲ್ಲಿ ತೂಗಿ ನೋಡಿ. ಹತ್ತು ನಿಮಿಷದ ಕೆಲಸ. ಗ್ರೀಸ್ ಗನ್ ಕೈಗೆ ಕೊಡುವ ಆ ಸೂಪರ್‌ವೈಸರಿಗೆ ಉತ್ತರ ಅಲ್ಲೇ ಸಿಗುತ್ತೆ.