ಕೂಡಿ ತಿದ್ದುವ ವಿದ್ಯೆ



‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ಹನಿಗಳು ಕೂಡುವಂತೆ ಹತ್ತು ಜನರ ಕೆಲಸವು ತಾನಾಗಿ ಕೂಡುವುದಿಲ್ಲ. ಅದಕ್ಕೊಂದು ಕ್ರಮ ಬೇಕು. ಅಂತರಜಾಲದಲ್ಲಿ ಅನೇಕರು ಕೂಡಿ ಮಾಡುವ ಕೆಲಸದ ಕ್ರಮವನ್ನು ಕನ್ನಡ ವಿಕಿಸೋರ್ಸ್ ಎಂಬ ಒಂದೇ ಉದಾಹರಣೆಯಿಂದ ತಿಳಿಯೋಣ.

ಓದುಗರೇ ತಿದ್ದಬಹುದಾದ ಜಾಲಪುಟಗಳಿಗೆ ‘ವಿಕಿ’ ಎಂದು ಹೆಸರು. ಇದನ್ನು 1995ರಲ್ಲಿ ಮೊದಲು ರಚಿಸಿದವರು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್. ಹವಾಯಿ ದ್ವೀಪಗಳ ಭಾಷೆಯಲ್ಲಿ ಈ ಶಬ್ದಕ್ಕೆ ‘ಬೇಗ’ ಎಂದರ್ಥ. 2001ರಲ್ಲಿ ವಿಕಿಪೀಡಿಯವೂ 2003ರಲ್ಲಿ ಅದರ ಕನ್ನಡ ರೂಪವೂ ಆರಂಭವಾದವು. ವಿಕಿಪೀಡಿಯವು ವಿಶ್ವಕೋಶವಾದರೆ, ಅದರ ಸೋದರಿಯಾದ ವಿಕಿಸೋರ್ಸ್ ಗ್ರಂಥಭಂಡಾರ. ನಮ್ಮ ದೇಶದಲ್ಲಿ ಲೇಖಕರು ಕಾಲವಾಗಿ 60 ವರ್ಷಗಳು ಕಳೆದ ಮೇಲೆ ಅವರ ಕೃತಿಗಳು ಸಾಮಾನ್ಯವಾಗಿ ಸಾರ್ವಜನಿಕರ ಸೊತ್ತಾಗುತ್ತವೆ. ಅಂಥ ಗ್ರಂಥಗಳಿಗೆ ಅಲ್ಲಿ ಸ್ಥಳವುಂಟು.

ಪುಸ್ತಕದ ಪುಟಗಳ ಚಿತ್ರ ತೆಗೆದಿಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಚಿತ್ರದಲ್ಲಿ ಬೇಕಾದ ಶಬ್ದವನ್ನು ಹುಡುಕುವುದು ಕಷ್ಟ. ಅಕ್ಷರರೂಪಕ್ಕೆ ಬಂದ ಗ್ರಂಥವನ್ನಾದರೋ ಗಣಕಯಂತ್ರವು ದೃಷ್ಟಿಹೀನರಿಗೆ ಓದಿ ಹೇಳಬಲ್ಲುದು. ಆದುದರಿಂದ ಯಂತ್ರವೇ ಮೊದಲು ಚಿತ್ರವನ್ನು ಓದಿ ಅಕ್ಷರಗಳನ್ನು ಕೊಡುತ್ತದೆ. ಆದರೆ ಮಾಸಿದ ಅಚ್ಚಿನಲ್ಲಿ ‘ವ’ಕಾರವನ್ನು ‘ಪ’ಕಾರವೆಂದು ಭ್ರಮಿಸುವುದೂ ಉಂಟು. ಅಲ್ಲಿಂದ ಮುಂದೆ ಮನುಷ್ಯನ ಕೆಲಸ.

ತೆರೆಯ ಒಂದು ಪಕ್ಕದಲ್ಲಿ ಮೂಲಪುಟದ ಚಿತ್ರ, ಇನ್ನೊಂದು ಪಕ್ಕದಲ್ಲಿ ಯಂತ್ರ ಕೊಟ್ಟ ಪಾಠ ಇರುತ್ತವೆ. ಯಾರೂ ತಿದ್ದದ ಪುಟದ ಗುರುತು ಕೆಂಪು. ಒಬ್ಬರು ತಿದ್ದಿದ ಮೇಲೆ ಅದು ಹಳದಿಯಾಗುತ್ತದೆ. ಮತ್ತೊಬ್ಬರು ಪರೀಕ್ಷಿಸಿ ಒಪ್ಪಿದರೆ ಹಸುರಾಗುತ್ತದೆ. ಹಳದಿ ಮಾಡಿದವರೇ ಹಸುರು ಮಾಡುವಂತಿಲ್ಲ. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಈ ನಿಯಮದ ಗುಟ್ಟು ಇದೇ.

ನಮ್ಮ ತರಗತಿಯಲ್ಲಿ ನಡೆದುದನ್ನು ಹೇಳುತ್ತೇನೆ. ಮೊದಲ ದಿನ ಇಡೀ ತರಗತಿಗೆ ಒಂದೇ ಪುಟವನ್ನು ಕೊಟ್ಟೆನು. ಇಬ್ಬರು ತಿದ್ದಿದರು, ಉಳಿದವರು ನೋಡುತ್ತ ಕುಳಿತರು. ಎಲ್ಲರೂ ನೋಡಿಯಾರೆಂದರೆ ಯಾರೂ ನೋಡರು, ತಪ್ಪು ನನ್ನದೇ. ಮರುದಿನ ಇಬ್ಬಿಬ್ಬರ ಜೋಡಿಗಳನ್ನು ಮಾಡಿ, ಪ್ರತಿಯೊಬ್ಬರಿಗೂ ಒಂದೊಂದು ಪುಟವನ್ನು ಹಂಚಿದೆನು. ಒಬ್ಬ ಹುಡುಗನು ಮೂಲದಲ್ಲಿದ್ದ ‘ಹಸುರು’ ಎಂಬುದನ್ನು ‘ಹಸಿರು’ ಎಂದು ತಿದ್ದಿದ್ದನು. ಅವನ ಜೊತೆಗಾತಿಯು ಚಿತ್ರವನ್ನು ನೋಡಿ ಮತ್ತೆ ‘ಹಸುರು’ ಎಂದು ಮಾಡಿದಳು. ಹುಡುಗನಿಗೆ ಮುನಿಸು ಬಂದಿತು. “ಲೇಖಕರು ಬರೆದುದನ್ನು ಉಳಿಸುವುದಷ್ಟೇ ನಮ್ಮ ಕೆಲಸ” ಎಂದು ತಿಳಿಸಿದೆನು. ಆ ಮೇಲೆ ಅವನು ಅವಳ ಪುಟವನ್ನು ಅಕ್ಷರ ಅಕ್ಷರವಾಗಿ ಓದಿ, ಅವಳು ಬಿಟ್ಟಿದ್ದ ಎರಡು ತಪ್ಪುಗಳನ್ನು ಹಿಡಿದನು. ಪಾಠಪುಸ್ತಕವನ್ನು ಅಷ್ಟು ನಿಷ್ಠೆಯಿಂದ ಅವನು ಓದಿದ್ದನ್ನು ನಾನು ಕಂಡಿರಲಿಲ್ಲ. ಆ ಸಂಜೆ ಎರಡೂ ಪುಟಗಳು ಹಸುರಾದುವು.

ಕೈತಪ್ಪಿ ಏನಾದರೂ ಅಳಿದರೆ ಅಂಜಬೇಕಾಗಿಲ್ಲ. ಪ್ರತಿ ಪುಟಕ್ಕೂ ‘ಇತಿಹಾಸ’ವಿದೆ, ಯಾವ ಖಾತೆಯಿಂದ, ಯಾವಾಗ, ಏನನ್ನು ಬದಲಿಸಲಾಯಿತೆಂಬುದು ಅಲ್ಲಿ ದಾಖಲಾಗಿರುತ್ತದೆ, ಹಳೆಯ ಪಾಠವನ್ನು ಮರಳಿ ತರಬಹುದು. ಆದರೆ ನಿಮ್ಮ ವಿಳಾಸವನ್ನಾಗಲಿ, ದೂರವಾಣಿ ಸಂಖ್ಯೆಯನ್ನಾಗಲಿ ಅಲ್ಲಿ ಎಂದೂ ಬರೆಯಕೂಡದು.

ಈ ಮಹಾನಗರದಲ್ಲಿ ಕನ್ನಡ ಓದಿ ಪ್ರಯೋಜನವೇನೆಂದು ನಿಮ್ಮನ್ನು ಅನೇಕರು ಕೇಳುತ್ತಾರೆ. ನೀವು ತಿದ್ದಿದ ಒಂದು ಪುಟವನ್ನು ಬೀದರಿನಲ್ಲಿಯೋ ಪುತ್ತೂರಿನಲ್ಲಿಯೋ ಕಣ್ಣು ಕಾಣದ ಬಾಲಕನೊಬ್ಬನು ಕಿವಿಯಿಂದ ಓದಬಹುದು. ಕೇಳಿದವರಿಗೆ ಆ ಪುಟವನ್ನೇ ತೋರಿಸಿರಿ.

ಅಭ್ಯಾಸ

1. ಹಳದಿ ಪುಟವನ್ನು ಅದೇ ವ್ಯಕ್ತಿ ಹಸುರು ಮಾಡಬಾರದೇಕೆ?
2. ಹಳೆಯ ಗ್ರಂಥದ ಕಾಗುಣಿತವನ್ನು ನಾವು ಬದಲಿಸಬಾರದೇಕೆ?
3. ನಿಮ್ಮ ಒಂದು ಪ್ರಬಂಧವನ್ನು ಗೆಳೆಯನಿಗೆ ಕೊಟ್ಟು, ಅವನು ಕಂಡ ತಪ್ಪುಗಳನ್ನು ಪಟ್ಟಿ ಮಾಡಿರಿ.